ವಿದ್ಯಾರ್ಥಿವೇತನದ ಅರ್ಜಿಗೆ ಬ್ಯಾಂಕ್ ಸ್ಟೇಟ್‌ಮೆಂಟ್: ಗುರುತಿಗೆ, ವಿಳಾಸಕ್ಕೆ ಎಷ್ಟರ ಮಟ್ಟಿಗೆ ಪುರಾವೆ?





ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಂದ ಬರುವ ಅರ್ಜಿಗಳ ಪರಿಶೀಲನೆಗೆ ಕುಳಿತಾಗ ಅಂಕಪಟ್ಟಿಯಲ್ಲಿ ತೊಡಕು ಕಾಣುವುದು ಕಡಿಮೆ. ತೊಡಕು ಬರುವುದು ಬ್ಯಾಂಕಿನ ಕಾಗದದಲ್ಲಿ. ಕೆಲವರು ಆರು ತಿಂಗಳ ಸ್ಟೇಟ್‌ಮೆಂಟನ್ನೇ ಗುರುತಿನ ಚೀಟಿ ಎಂದು ಲಗತ್ತಿಸುತ್ತಾರೆ. ಕೆಲವರು ಪಿಗ್ಮಿ ಪುಸ್ತಕದ ಜೆರಾಕ್ಸ್ ಕೊಡುತ್ತಾರೆ. ಇನ್ನು ಕೆಲವರು, ‘ಬ್ಯಾಂಕಿನವರು ನಮ್ಮನ್ನು ನಂಬಿ ಖಾತೆ ತೆರೆದಿದ್ದಾರೆ, ನಿಮಗೆ ಮತ್ತೆ ಆಧಾರ್ ಯಾಕೆ?’ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಈ ಲೇಖನವನ್ನು ಈ ಸಾಲಿನ ವರದಿಯಲ್ಲಿ ಸೇರಿಸಿದ್ದೇವೆ.

ಮುಖ್ಯ ಮಾತನ್ನು ಮೊದಲೇ ಹೇಳುತ್ತೇವೆ. ಬ್ಯಾಂಕಿನ ಕಾಗದ ಹಣದ ಬಗ್ಗೆ ಹೇಳುವುದು ಬ್ಯಾಂಕಿನ ಸ್ವಂತ ಸಾಕ್ಷಿ. ಆದರೆ ಅದರಲ್ಲಿರುವ ಹೆಸರು, ವಿಳಾಸ ನೀವು ಎಂದೋ ಬ್ಯಾಂಕಿಗೆ ಕೊಟ್ಟದ್ದು. ನೀವು ಕೊಟ್ಟದ್ದು ಹಳತಾಗಿದ್ದರೆ ಕಾಗದವೂ ಹಳತೇ. ಇದಿಷ್ಟು ಮನಸ್ಸಿನಲ್ಲಿದ್ದರೆ ಯಾವ ಕಚೇರಿ ಯಾವ ಕಾಗದವನ್ನು ಏಕೆ ಒಪ್ಪುತ್ತದೆ, ಏಕೆ ತಿರುಗಿಸಿ ಕಳಿಸುತ್ತದೆ ಎಂಬುದು ಅರ್ಥವಾಗುತ್ತದೆ.

ಪಾಸ್‌ಬುಕ್ ಬೇರೆ, ಸ್ಟೇಟ್‌ಮೆಂಟ್ ಬೇರೆ

ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಖಾತೆದಾರರ ಹೆಸರು, ವಿಳಾಸ, ಖಾತೆ ಸಂಖ್ಯೆ, ಶಾಖೆ, ಐಎಫ್‌ಎಸ್‌ಸಿ ಸಂಕೇತ ಇರುತ್ತವೆ. ಹಲವು ಬ್ಯಾಂಕುಗಳಲ್ಲಿ ಫೋಟೋ ಅಂಟಿಸಿ, ಅದರ ಮೇಲೆ ಅರ್ಧ ಬೀಳುವಂತೆ ಮೊಹರು ಒತ್ತಿ, ಅಧಿಕಾರಿ ಸಹಿ ಹಾಕಿ ಕೊಡುತ್ತಾರೆ. ಸ್ಟೇಟ್‌ಮೆಂಟ್ ಎಂದರೆ ಇಂತಿಷ್ಟು ದಿನಗಳ ಜಮಾ ಖರ್ಚಿನ ಪಟ್ಟಿ. ಅದರಲ್ಲಿ ಫೋಟೋ ಇರುವುದಿಲ್ಲ. ಮೊಬೈಲಿನಿಂದ ತೆಗೆದ ಸ್ಟೇಟ್‌ಮೆಂಟಿನಲ್ಲಿ ಬ್ಯಾಂಕಿನ ಮೊಹರೂ ಇರುವುದಿಲ್ಲ.

ಫೋಟೋ ಇಲ್ಲದ ಕಾಗದ ‘ಈ ಹೆಸರಿನ ಖಾತೆ ಇದೆ’ ಎಂದು ಹೇಳಬಹುದೇ ಹೊರತು ‘ಎದುರಿಗೆ ನಿಂತವರು ಇವರೇ’ ಎಂದು ಹೇಳಲಾರದು. ಆದ್ದರಿಂದ ಸ್ಟೇಟ್‌ಮೆಂಟನ್ನು ಒಂಟಿಯಾಗಿ ಗುರುತಿನ ಪುರಾವೆ ಎಂದು ನಾವು ತೆಗೆದುಕೊಳ್ಳುವುದಿಲ್ಲ.

ಒಂದೇ ಪುಸ್ತಕ, ಕಚೇರಿಗೊಂದು ಬೆಲೆ

ಮತಗಟ್ಟೆಯಲ್ಲಿ ಮತದಾರರ ಚೀಟಿ ಇಲ್ಲದಿದ್ದರೆ ತೋರಿಸಬಹುದಾದ ಬದಲಿ ದಾಖಲೆಗಳನ್ನು ಚುನಾವಣಾ ಆಯೋಗ ಹೆಸರಿಸಿದೆ. ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್ ಅದರಲ್ಲಿದೆ. ಹೊಸದಾಗಿ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ರಲ್ಲಿ ವಿಳಾಸದ ಪುರಾವೆಯಾಗಿಯೂ ಚಾಲ್ತಿ ಪಾಸ್‌ಬುಕ್ ನಡೆಯುತ್ತದೆ.

ಪಾಸ್‌ಪೋರ್ಟ್ ಅರ್ಜಿಗೆ ವಿಳಾಸದ ಪುರಾವೆಯಾಗಿ ಫೋಟೋ ಇರುವ, ವ್ಯವಹಾರ ನಡೆಯುತ್ತಿರುವ ಖಾತೆಯ ಪಾಸ್‌ಬುಕ್ ಒಪ್ಪುತ್ತಾರೆ. ಆದರೆ ಅದು ಸರ್ಕಾರಿ ಬ್ಯಾಂಕ್, ಶೆಡ್ಯೂಲ್ಡ್ ಖಾಸಗಿ ಬ್ಯಾಂಕ್ ಅಥವಾ ಗ್ರಾಮೀಣ ಬ್ಯಾಂಕಿನದಾಗಿರಬೇಕು. ಸಹಕಾರಿ ಬ್ಯಾಂಕಿನದು ಈ ಪಟ್ಟಿಯಲ್ಲಿಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ನಮ್ಮ ಹುಡುಗರು ಇದನ್ನು ಮೊದಲೇ ತಿಳಿದಿರಬೇಕು.

ಆಧಾರ್ ವಿಳಾಸ ಬದಲಾಯಿಸಲು ಫೋಟೋ ಮೇಲೆ ಮೊಹರು ಬಿದ್ದ ಪಾಸ್‌ಬುಕ್ ಉಪಯೋಗಕ್ಕೆ ಬರುತ್ತದೆ. ಹೆಸರಿನಲ್ಲಿ ಯಾವ ಕಾಗದವೂ ಇಲ್ಲದ ಹೆಂಡತಿ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ಅವರ ವಿಳಾಸವನ್ನೇ ತಮ್ಮ ಆಧಾರ್‌ಗೆ ಆನ್‌ಲೈನ್‌ನಲ್ಲಿ ಸೇರಿಸಿಕೊಳ್ಳುವ ಸೌಲಭ್ಯ 2023ರಿಂದ ಜಾರಿಯಲ್ಲಿದೆ. ದಾಖಲೆಗಳ ಪಟ್ಟಿಯನ್ನು ಆಗಾಗ ಪರಿಷ್ಕರಿಸುವುದರಿಂದ ಆಧಾರ್ ಕೇಂದ್ರದಲ್ಲಿ ಒಮ್ಮೆ ಕೇಳಿಕೊಂಡು ಹೋಗುವುದು ಕ್ಷೇಮ.

ಬ್ಯಾಂಕಿಗೇ ಬ್ಯಾಂಕಿನ ಕಾಗದ ಏಕೆ ಸಾಲದು?

ಪಾಲಕರಿಗೆ ಅತಿ ವಿಚಿತ್ರವಾಗಿ ಕಾಣುವ ಸಂಗತಿ ಇದು. ಒಂದು ಬ್ಯಾಂಕಿನ ಸ್ಟೇಟ್‌ಮೆಂಟ್ ಹಿಡಿದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರೆ ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮಗಳಲ್ಲಿ ಅಧಿಕೃತ ದಾಖಲೆಗಳು ಆರೇ: ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಗುರುತಿನ ಚೀಟಿ, ಅಧಿಕಾರಿಯ ಸಹಿ ಇರುವ ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಇವುಗಳಲ್ಲಿ ಈಗಿನ ವಿಳಾಸ ಇಲ್ಲದಿದ್ದರೆ ಎರಡು ತಿಂಗಳಿಗಿಂತ ಹಳತಲ್ಲದ ಕರೆಂಟ್, ನೀರು, ದೂರವಾಣಿ ಅಥವಾ ಪೈಪ್ ಗ್ಯಾಸ್ ಬಿಲ್, ಆಸ್ತಿ ತೆರಿಗೆ ರಸೀದಿ, ಸರ್ಕಾರಿ ಪಿಂಚಣಿ ಆದೇಶ, ಸರ್ಕಾರಿ ಅಥವಾ ದೊಡ್ಡ ಸಂಸ್ಥೆಯ ವಸತಿ ಹಂಚಿಕೆ ಪತ್ರ ಇವುಗಳಲ್ಲೊಂದನ್ನು ತಾತ್ಕಾಲಿಕವಾಗಿ ಕೊಡಬಹುದು. ಹೊಸ ವಿಳಾಸ ಇರುವ ಅಧಿಕೃತ ದಾಖಲೆಯನ್ನು ಮೂರು ತಿಂಗಳೊಳಗೆ ತಂದುಕೊಡಬೇಕು. ಈ ಎರಡು ಪಟ್ಟಿಗಳಲ್ಲಿಯೂ ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲ.

ಇದರ ಹಿಂದಿನ ಕಾರಣ ಸರಳ. ಆಧಾರ್ ದೃಢೀಕರಣ ಮಾಡಿಸಿ ಖಾತೆ ತೆರೆಯುವವರು ಈಗ ಬೇರೆ ಕಡೆ ವಾಸವಿದ್ದರೆ, ಆ ವಿಳಾಸವನ್ನು ಸ್ವಯಂ ಘೋಷಣೆಯಿಂದ ಬರೆಸಬಹುದು. ಮುಂದೆ ಅದೇ ವಿಳಾಸ ಸ್ಟೇಟ್‌ಮೆಂಟಿನಲ್ಲಿ ಅಚ್ಚಾಗಿ ಬರುತ್ತದೆ. ಅದನ್ನೇ ಇನ್ನೊಂದು ಬ್ಯಾಂಕ್ ಪುರಾವೆ ಎಂದು ಒಪ್ಪಿದರೆ, ನಮ್ಮ ಮಾತಿಗೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ.

ನಮ್ಮ ಮೂರು ತಾಲ್ಲೂಕುಗಳ ತೊಡಕುಗಳು

ಮೊದಲನೆಯದು ಮನೆಯದು. ‘ನೀವು ಇಲ್ಲಿಯವರು ಎನ್ನಲು ಏನಿದೆ?’ ಎಂಬ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕೆಂಬ ನಿಯಮದಡಿ ಎಷ್ಟು ಕುಟುಂಬಗಳು ಅಲೆದಿವೆ ಎಂಬುದು ಎಲ್ಲರಿಗೂ ಗೊತ್ತು. ಅತಿಕ್ರಮಣ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಪಹಣಿ ಇಲ್ಲ. ಪೇಟೆಯಲ್ಲಿ ಬಾಡಿಗೆಗಿರುವವರಿಗೆ ಕರಾರು ಪತ್ರ ಇಲ್ಲ, ಕರೆಂಟ್ ಮೀಟರ್ ಮನೆ ಮಾಲಕರ ಹೆಸರಿನಲ್ಲಿದೆ. ಯಲ್ಲಾಪುರ ಕಡೆಯ ಸಿದ್ದಿ ಮುಸ್ಲಿಂ ಕುಟುಂಬಗಳಲ್ಲಿಯೂ ಕಾಡಂಚಿನ ಮನೆಗಳು ಇವೆ. ಇಂಥವರಿಗೆ ವಿಳಾಸ ಬರೆದ ಕಾಗದ ಎಂದರೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಇಷ್ಟೇ. ಆದ್ದರಿಂದಲೇ ಪಾಸ್‌ಬುಕ್ಕನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಎರಡನೆಯದು ಹೆಸರಿನದು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಉತ್ತರ ಕನ್ನಡದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಹೀಗೆ ಮೂರನ್ನೂ ಬರೆಯುವ ರೂಢಿ. ಶಾಲೆಯಲ್ಲಿ ‘ಫಾತಿಮಾ ಅಬ್ದುಲ್ ಗಫೂರ್ ಶೇಖ್’ ಎಂದಿದ್ದದ್ದು ಆಧಾರ್‌ನಲ್ಲಿ ‘ಬೀಬಿ ಫಾತಿಮಾ’, ಬ್ಯಾಂಕಿನಲ್ಲಿ ‘ಫಾತಿಮಾ ಎ. ಶೇಖ್’ ಆಗುತ್ತದೆ. ಹುಡುಗರಲ್ಲಿ ‘ಮೊಹಮ್ಮದ್’, ‘ಮಹಮ್ಮದ್’, ‘ಎಂ.ಡಿ.’ ಮೂರೂ ಒಬ್ಬನದೇ ಹೆಸರಾಗಿರುತ್ತದೆ. ಮನುಷ್ಯರಿಗೆ ಇದು ತಿಳಿಯುತ್ತದೆ, ಕಂಪ್ಯೂಟರಿಗೆ ತಿಳಿಯುವುದಿಲ್ಲ. ನಮ್ಮ ಸಲಹೆ ಇಷ್ಟೇ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಮೂಲವಾಗಿಟ್ಟುಕೊಂಡು ಮೊದಲು ಆಧಾರ್, ಅನಂತರ ಬ್ಯಾಂಕ್ ಸರಿಪಡಿಸಿ. ಇನ್ನೂ ಎಸ್‌ಎಸ್‌ಎಲ್‌ಸಿ ಆಗದ ಮಕ್ಕಳಿದ್ದರೆ ಅಂಕಪಟ್ಟಿಗೆ ಹೆಸರು ಹೋಗುವ ಮುನ್ನವೇ ಶಾಲೆಯ ದಾಖಲೆ ನೋಡಿಕೊಳ್ಳಿ. ಮದುವೆಯ ನಂತರ ಹೆಸರು ಬದಲಾದ ತಾಯಂದಿರು ಹಳೆಯ ದಾಖಲೆಯ ಜೊತೆ ಸರ್ಕಾರ ಕೊಡುವ ವಿವಾಹ ನೋಂದಣಿ ಪತ್ರ ಅಥವಾ ಗೆಜೆಟ್ ಪ್ರಕಟಣೆ ಕೊಟ್ಟರೆ ಬ್ಯಾಂಕ್ ಒಪ್ಪಬೇಕೆಂದು ನಿಯಮವಿದೆ. ಜಮಾಅತಿನ ನಿಕಾಹ್‌ನಾಮಾ ಒಂದರಿಂದಲೇ ಬ್ಯಾಂಕಿನಲ್ಲಿ ಕೆಲಸ ಆಗದೇ ಇರಬಹುದು.

ಮೂರನೆಯದು ವಿಲೀನವಾದ ಬ್ಯಾಂಕುಗಳದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಮುಂದೆ ನಿಂತು ಕಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ನಮ್ಮ ಹಿರಿಯರು ಅಭಿಮಾನದಿಂದ ಹೇಳುತ್ತಿದ್ದ ಆ ಹೆಸರು ಈಗ ಇಲ್ಲ. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಅದೇ ದಿನ, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದ್ದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೆಯ ಪಾಸ್‌ಬುಕ್ ಕಪಾಟಿನಲ್ಲಿ ಭದ್ರವಾಗಿದ್ದರೂ ಅದರ ಮೇಲಿನ ಐಎಫ್‌ಎಸ್‌ಸಿ ಕೆಲಸ ಮಾಡದಿರಬಹುದು. ಸಿಂಡಿಕೇಟಿನ ‘ಎಸ್‌ವೈಎನ್‌ಬಿ’ಯಿಂದ ಶುರುವಾಗುವ ಸಂಕೇತಗಳು 2021ರ ಜುಲೈ 1ರಿಂದ ನಿಂತಿವೆ. ಅಂಥ ಪಾಸ್‌ಬುಕ್ ಇದ್ದವರು ಶಾಖೆಗೆ ಹೋಗಿ ಹೊಸದು ಪಡೆದು ಅದರ ಪ್ರತಿಯನ್ನು ಕೊಡಿ.

ನಾಲ್ಕನೆಯದು ಸಹಕಾರಿ ಸಂಘದ ಪುಸ್ತಕ. ಅಡಿಕೆ ಬೆಳೆಯುವ ನಮ್ಮ ಸೀಮೆಯಲ್ಲಿ ಸೇವಾ ಸಹಕಾರಿ ಸಂಘಗಳಲ್ಲಿ ಉಳಿತಾಯ ಇಡುವುದು ರೂಢಿ. ಶಿರಸಿಯಲ್ಲೇ ಕೇಂದ್ರ ಕಚೇರಿ ಇರುವ ಕೆಡಿಸಿಸಿ ಬ್ಯಾಂಕ್ ಒಂದು ಬ್ಯಾಂಕು. ಊರಿನ ಸಂಘ ಸಾಲ ಮತ್ತು ಠೇವಣಿಯ ಸಂಘ. ಎರಡಕ್ಕೂ ವ್ಯತ್ಯಾಸವಿದೆ. ಸಂಘದ ಪುಸ್ತಕ, ಪಿಗ್ಮಿ ಪುಸ್ತಕ ನಿಮ್ಮ ಉಳಿತಾಯಕ್ಕೆ ಸಾಕ್ಷಿ, ಆದರೆ ಅವುಗಳಿಗೆ ನಾವು ವಿದ್ಯಾರ್ಥಿವೇತನ ಕಳಿಸುವುದಿಲ್ಲ.

ಖಾತೆ ಇದ್ದೂ ಹಣ ಸಿಗದ ಸಂದರ್ಭಗಳು

ಅಧಿಕೃತ ದಾಖಲೆ ಯಾವುದೂ ಇಲ್ಲದವರಿಗೂ ಫೋಟೋ ಮತ್ತು ಸಹಿ ಅಥವಾ ಹೆಬ್ಬೆಟ್ಟಿನ ಮೇಲೆ ‘ಚಿಕ್ಕ ಖಾತೆ’ ತೆರೆದುಕೊಡುವ ಅವಕಾಶ ಇದೆ. ಆದರೆ ಅದಕ್ಕೆ ಮಿತಿಗಳಿವೆ: ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿವರೆಗೆ ಜಮಾ, ಯಾವಾಗಲೂ 50,000 ಮೀರದ ಬಾಕಿ, ತಿಂಗಳಿಗೆ 10,000 ರೂಪಾಯಿವರೆಗೆ ಮಾತ್ರ ತೆಗೆಯುವುದು ಅಥವಾ ವರ್ಗಾವಣೆ. ಕಾಲೇಜಿನ ಶುಲ್ಕ 25,000 ಇದ್ದು ಕೊನೆಯ ದಿನ ನಾಳೆ ಇದ್ದರೆ, ನಾವು ಕಳಿಸಿದ ಹಣ ಖಾತೆಯಲ್ಲಿದ್ದೂ ಕೈಗೆ ಬಾರದು. ನಿಮ್ಮದು ಅಂಥ ಖಾತೆಯೇ ಎಂದು ಶಾಖೆಯಲ್ಲಿ ಈಗಲೇ ಕೇಳಿ, ಕೆವೈಸಿ ಕೊಟ್ಟು ಪೂರ್ಣ ಖಾತೆ ಮಾಡಿಸಿ.

ಮಕ್ಕಳ ಖಾತೆಯನ್ನು ತಾಯಿಯ ಪಾಲಕತ್ವದಲ್ಲಿಯೂ ತೆರೆಯಬಹುದು. ತಂದೆಯೇ ಬರಬೇಕೆಂದಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳಿಗೆ, ಬ್ಯಾಂಕಿನ ಮಿತಿಗೆ ಒಳಪಟ್ಟು, ಸ್ವಂತವಾಗಿ ಖಾತೆ ನಡೆಸಲು ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಸ್ಪಷ್ಟಪಡಿಸಿದೆ. ಆದರೆ 18 ತುಂಬಿದಾಗ ಹೊಸದಾಗಿ ಸಹಿ ಮಾದರಿ ಮತ್ತು ದಾಖಲೆ ಕೊಡಬೇಕು. ಪಿಯುಸಿ ಮುಗಿಸಿ ಪದವಿಗೆ ಸೇರುವ ಹೊತ್ತಿಗೇ ಈ ವಯಸ್ಸು ಬರುವುದರಿಂದ, ಹಣ ಬೇಕಾದ ತಿಂಗಳಲ್ಲೇ ಖಾತೆ ತಡೆಯಾಗುತ್ತದೆ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ಚಾಲೂ ಮಾಡಲು ಬ್ಯಾಂಕ್ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಕೆವೈಸಿ ನವೀಕರಣಕ್ಕೆ ಕರೆದಾಗ ಹೆಸರು, ವಿಳಾಸ ಯಾವುದೂ ಬದಲಾಗಿಲ್ಲದಿದ್ದರೆ ಸ್ವಯಂ ಘೋಷಣೆ ಸಾಕು. ವಿಳಾಸ ಮಾತ್ರ ಬದಲಾಗಿದ್ದರೂ ಘೋಷಣೆ ಕೊಡಬಹುದು, ಬ್ಯಾಂಕ್ ಅದನ್ನು ಎರಡು ತಿಂಗಳೊಳಗೆ ಪರಿಶೀಲಿಸುತ್ತದೆ. ಊರೂರಿಗೆ ಬರುವ ಬ್ಯಾಂಕ್ ಮಿತ್ರರ ಮೂಲಕವೂ ಇದನ್ನು ಕೊಡಲು 2025ರ ಜೂನ್‌ನಲ್ಲಿ ಅವಕಾಶ ಮಾಡಲಾಗಿದೆ.

ಸರ್ಕಾರದ ವಿದ್ಯಾರ್ಥಿವೇತನದ ದಾರಿಯೇ ಬೇರೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಎರಡು ಮೂರು ಖಾತೆ ಇರುವವರು ಯಾವುದಕ್ಕೆ ಜೋಡಣೆ ಆಗಿದೆ ಎಂದು ತಿಳಿದುಕೊಳ್ಳಬೇಕು. ನಮ್ಮ ಟ್ರಸ್ಟಿನ ಹಣ ಮಾತ್ರ ನೀವು ಕೊಟ್ಟ ಖಾತೆ ಸಂಖ್ಯೆಗೇ ಹೋಗುತ್ತದೆ.

ನಾವು ಕೇಳುವುದು ಏನು, ಏಕೆ

ನೆಫ್ಟ್ ಮೂಲಕ ಕಳಿಸುವ ಹಣ ಹೆಸರು ನೋಡಿ ಜಮೆಯಾಗುವುದಿಲ್ಲ, ಖಾತೆ ಸಂಖ್ಯೆಯ ಮೇಲೆ ಜಮೆಯಾಗುತ್ತದೆ. ಕಳಿಸುವ ಮುನ್ನ ಪಡೆಯುವವರ ಹೆಸರು ನೋಡಿಕೊಳ್ಳುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಆ ಹೆಸರು ಹೊಂದಿಕೆಯಾಗುತ್ತದೆಯೇ ಎಂದು ನೋಡಲು ನಮ್ಮ ಕೈಯಲ್ಲಿ ದಾಖಲೆ ಬೇಕು. ಒಂದು ಅಂಕಿ ತಪ್ಪಿದರೂ ಒಂದು ಮಗುವಿನ ವರ್ಷದ ಶುಲ್ಕ ಅಪರಿಚಿತರ ಖಾತೆಗೆ ಹೋಗಬಹುದು. ಜಕಾತಿನ ಹಣ ಹಕ್ಕುದಾರರ ಕೈಗೇ ಸೇರಬೇಕು, ಅದು ನಮ್ಮ ಮೇಲಿರುವ ಅಮಾನತ್. ಆದ್ದರಿಂದ ಅರ್ಜಿಯ ಜೊತೆ ಇವು ಇರಲಿ:

1. ಗುರುತಿಗೆ: ವಿದ್ಯಾರ್ಥಿಯ ಆಧಾರ್ ಪ್ರತಿ. ಮೊದಲ ಎಂಟು ಅಂಕಿ ಮರೆಮಾಚಿದ ಪ್ರತಿಯೇ ಸಾಕು.

2. ಖಾತೆಗೆ: ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಇತ್ತೀಚಿನ ನಮೂದು ಇರುವ ಒಂದು ಪುಟ. ಪಾಸ್‌ಬುಕ್ ಇಲ್ಲದಿದ್ದರೆ ಶಾಖೆಯ ಮೊಹರು ಇರುವ ಸ್ಟೇಟ್‌ಮೆಂಟ್ ಅಥವಾ ರದ್ದುಗೊಳಿಸಿದ ಚೆಕ್ ಹಾಳೆ.

3. ವಿಳಾಸಕ್ಕೆ: ಆಧಾರ್‌ನಲ್ಲಿ ಈಗಿನ ವಿಳಾಸ ಇದ್ದರೆ ಬೇರೇನೂ ಬೇಡ. ಇಲ್ಲದಿದ್ದರೆ ರೇಷನ್ ಕಾರ್ಡ್, ಹೆಸ್ಕಾಂ ಬಿಲ್ ಅಥವಾ ಪಾಸ್‌ಬುಕ್ಕಿನ ವಿಳಾಸ. ಗೃಹಜ್ಯೋತಿಯ ಶೂನ್ಯ ಬಿಲ್ಲೂ ನಡೆಯುತ್ತದೆ. ಬಿಲ್ ಮನೆ ಮಾಲಕರ ಹೆಸರಿನಲ್ಲಿದ್ದರೆ ಅವರಿಂದ ಎರಡು ಸಾಲಿನ ಒಪ್ಪಿಗೆ ಪತ್ರ ತನ್ನಿ.

4. ವಿದ್ಯಾರ್ಥಿಗೆ ಖಾತೆ ಇಲ್ಲದಿದ್ದರೆ: ತಾಯಿಯ ಖಾತೆ. ಗೃಹಲಕ್ಷ್ಮಿ ಹಣ ಬರುತ್ತಿರುವ ಖಾತೆ ಚಾಲ್ತಿಯಲ್ಲಿದೆ ಎಂದು ಖಾತ್ರಿ ಇರುವುದರಿಂದ ಅದನ್ನೇ ಕೊಟ್ಟರೆ ಒಳ್ಳೆಯದು.

ಪೂರ್ತಿ ಆರು ತಿಂಗಳ ಸ್ಟೇಟ್‌ಮೆಂಟ್ ನಮಗೆ ಬೇಡ. ಯಾರ ಅಂಗಡಿಯಲ್ಲಿ ಎಷ್ಟು ಖರ್ಚು ಮಾಡಿದಿರಿ, ಯಾರಿಂದ ಕೈಗಡ ತಂದಿರಿ, ಯಾವ ಆಸ್ಪತ್ರೆಗೆ ಹೋದಿರಿ ಎಂಬುದೆಲ್ಲ ಅದರಲ್ಲಿರುತ್ತದೆ. ಅದು ನಿಮ್ಮ ಮನೆಯ ಮಾತು. ನಮೂದಿನ ಪುಟದಲ್ಲಿಯೂ ಮೊತ್ತಗಳನ್ನು ಕಾಗದ ಮುಚ್ಚಿ ಜೆರಾಕ್ಸ್ ಮಾಡಿಸಬಹುದು, ನಮಗೆ ದಿನಾಂಕ ಕಂಡರೆ ಸಾಕು. ಆದಾಯ ತಿಳಿಯಲು ನಾಡಕಚೇರಿಯ ಆದಾಯ ಪ್ರಮಾಣಪತ್ರ ಇದೆ. ಪ್ರತಿಯ ಮೇಲೆ ‘ವಿದ್ಯಾರ್ಥಿವೇತನದ ಅರ್ಜಿಗೆ ಮಾತ್ರ’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ. ಒಟಿಪಿ, ಎಟಿಎಂ ಪಿನ್ ನಾವು ಯಾವ ಕಾರಣಕ್ಕೂ ಕೇಳುವುದಿಲ್ಲ. ನಮ್ಮ ಹೆಸರು ಹೇಳಿ ಯಾರಾದರೂ ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಾಲೇಜು ಮಕ್ಕಳಿಗೆ ಪ್ರತ್ಯೇಕವಾಗಿ ಒಂದು ಮಾತು. ‘ನಿನ್ನ ಖಾತೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ’ ಎನ್ನುವವರು ಪೇಟೆಗಳಲ್ಲಿ ತಿರುಗುತ್ತಾರೆ. ಮೋಸದ ಹಣ ಆ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಬರುವುದು ಖಾತೆದಾರನ ವಿಳಾಸಕ್ಕೆ. ಆಗ ಪಾಸ್‌ಬುಕ್ ನಿಮ್ಮ ವಿರುದ್ಧವೇ ಪುರಾವೆಯಾಗುತ್ತದೆ.

ದಾನಿಗಳಲ್ಲಿ ವಿನಂತಿ

ನಾವು ಪಾಲಕರಿಗೆ ಹೇಳುವುದು ದಾನಿಗಳಿಗೂ ಅನ್ವಯಿಸುತ್ತದೆ. ದಾನದ ತೆರಿಗೆ ವಿನಾಯಿತಿಗೆ ಬೇಕಾದ ಪ್ರಮಾಣಪತ್ರ ಕೊಡಲು ನಿಮ್ಮ ಹೆಸರು, ವಿಳಾಸ, ಪ್ಯಾನ್ ನಮ್ಮಲ್ಲಿರಬೇಕು. ಹಣ ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲು ಒಂದೇ ಇದಕ್ಕೆ ಸಾಲದು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ವಿದೇಶದಲ್ಲಿರುವ ಬಂಧುಗಳು ದಾನ ಕೊಡುವಾಗ ಭಾರತದ ಪಾಸ್‌ಪೋರ್ಟಿನ ಪ್ರತಿ ಕಳಿಸಬೇಕು. ಭಾರತೀಯ ಪೌರರ ಸ್ವಂತ ಉಳಿತಾಯದ ದಾನ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ದಾನಕ್ಕೆ ಎಫ್‌ಸಿಆರ್‌ಎ ನಿಯಮ ಬೇರೆ ಇದೆ. ದಯವಿಟ್ಟು ಕಳಿಸುವ ಮುನ್ನ ನಮ್ಮಲ್ಲಿ ವಿಚಾರಿಸಿ.

ಕಾಗದ ಹೊಂದದಿದ್ದರೆ

ಹೆಸರಿನ ಒಂದು ಅಕ್ಷರಕ್ಕಾಗಿ, ಹಳೆಯ ವಿಳಾಸಕ್ಕಾಗಿ ಯಾವ ಮಗುವಿನ ಅರ್ಜಿಯನ್ನೂ ನಾವು ತಳ್ಳಿಹಾಕುವುದಿಲ್ಲ. ಅರ್ಜಿಯನ್ನು ಸ್ವೀಕರಿಸುತ್ತೇವೆ, ದಾಖಲೆ ಸರಿಪಡಿಸಲು ಸಮಯ ಕೊಡುತ್ತೇವೆ. ಅಷ್ಟರಲ್ಲಿ ಶುಲ್ಕದ ಕೊನೆಯ ದಿನ ಬಂದರೆ ರಸೀದಿ ಪಡೆದು ನೇರವಾಗಿ ಶಾಲೆ ಅಥವಾ ಕಾಲೇಜಿನ ಖಾತೆಗೇ ಕಟ್ಟುತ್ತೇವೆ. ವಿಳಾಸಕ್ಕೆ ಯಾವ ಕಾಗದವೂ ಇಲ್ಲದ ಕುಟುಂಬದ ಮನೆಗೆ ನಮ್ಮ ಸದಸ್ಯರೊಬ್ಬರು ಬಂದು ನೋಡಿ, ನೆರೆಯವರಲ್ಲಿ ವಿಚಾರಿಸಿ ಬರೆದುಕೊಳ್ಳುತ್ತಾರೆ. ಅದು ನಮ್ಮ ಕೆಲಸಕ್ಕೆ ಸಾಕು. ಆದರೆ ನಾಳೆ ಹಾಸ್ಟೆಲ್, ಪಾಸ್‌ಪೋರ್ಟ್, ಸರ್ಕಾರಿ ವಿದ್ಯಾರ್ಥಿವೇತನ, ಕೆಲಸ ಎಲ್ಲ ಕಡೆ ಇದೇ ಪ್ರಶ್ನೆ ಬರುವುದರಿಂದ ದಾಖಲೆ ಸರಿ ಮಾಡಿಸಿಕೊಳ್ಳುವುದು ಮಗುವಿಗೇ ಒಳ್ಳೆಯದು.

ಈ ವಾರ ಮನೆಯಲ್ಲಿ ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಜನ್ಮ ದಿನಾಂಕ, ವಿಳಾಸ, ಮೊಬೈಲ್ ಸಂಖ್ಯೆ ಓದಿ ನೋಡಿ. ಓದಲು ಬಾರದ ಹಿರಿಯರಿದ್ದರೆ ಮಕ್ಕಳಿಂದಲೇ ಓದಿಸಿ. ವ್ಯತ್ಯಾಸ ಕಂಡರೆ ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ನಮ್ಮ ಕಚೇರಿಗೆ ಬನ್ನಿ. ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕೆಂದು ಬರೆದುಕೊಡುತ್ತೇವೆ, ನಮೂನೆ ತುಂಬಲು ನೆರವಾಗುತ್ತೇವೆ. ಇದಕ್ಕೆ ಶುಲ್ಕವಿಲ್ಲ.

ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯಲ್ಲಿ, ದಾನಿಗಳ ಸಂಪಾದನೆಯಲ್ಲಿ ಬರಕತ್ ನೀಡಲಿ. ಆಮೀನ್.